ಕೋಲಾರದ ಗಣಿಯಲ್ಲಿ ನ್ಯೂಟ್ರಿನೊ ಶೋಧ

ಕೋಲಾರದ ಚಿನ್ನದ ಗಣಿಗಳ ಚರಿತ್ರೆ ಬರೆದವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಎತ್ತಿ ಹೇಳುತ್ತಾರೆ: 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದದ್ದು, 2001ರಲ್ಲಿ ಗಣಿಗಳು ಮುಚ್ಚಿದ್ದು. ಅದೇ ಸುರಂಗಗಳಲ್ಲಿ ನಾಲ್ಕು ದಶಕಗಳ ಕಾಲ ನಡೆದ ಇನ್ನೊಂದು ಶೋಧದ ಪ್ರಸ್ತಾಪ ವಿರಳ. ಆಕಾಶದಿಂದ ಇಳಿದುಬರುವ ಕಣಗಳ ಶೋಧ ಅದು.

ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್, ನ್ಯೂಟ್ರಿನೊ ಮೊದಲಾದ ಕಣಗಳು ಹುಟ್ಟುತ್ತವೆ. ಮ್ಯೂಆನುಗಳು ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಬಲ್ಲವು ಎಂಬುದು ಅಂದಿನ ಭೌತವಿಜ್ಞಾನಿಗಳ ಪ್ರಶ್ನೆಯಾಗಿತ್ತು. 1945ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು ಅದೇ ವರ್ಷ ಮುಂಬಯಿಗೆ ತೆರಳಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸ್ಥಾಪಕ ಹೋಮಿ ಭಾಭಾ, ಈ ಪ್ರಶ್ನೆಯೊಡನೆ ತಮ್ಮ ಶಿಷ್ಯ ಬಿ. ವಿ. ಶ್ರೀಕಂಠನ್ ಅವರನ್ನು ಕೋಲಾರಕ್ಕೆ ಕಳುಹಿಸಿದರು. ಮೈಸೂರು ಸೀಮೆಯವರೇ ಆದ ಶ್ರೀಕಂಠನ್ 1951ರಲ್ಲಿ ತಮ್ಮ ಉಪಕರಣಗಳೊಡನೆ ಗಣಿಗಿಳಿದರು.

ಮುಂದಿನ ವರ್ಷಗಳಲ್ಲಿ ಪ್ರಯೋಗಗಳು ಇನ್ನೂ ಆಳಕ್ಕೆ ಸಾಗಿದವು. ಕೆಳಗಿಳಿದಂತೆಲ್ಲ ಮ್ಯೂಆನುಗಳ ಸಂಖ್ಯೆ ಕುಗ್ಗುತ್ತ ಬಂದಿತು. 1960ರ ದಶಕದ ಆರಂಭದಲ್ಲಿ ಸುಮಾರು 2,700 ಮೀಟರ್ ಆಳದಲ್ಲಿ ತಿಂಗಳುಗಟ್ಟಲೆ ಕಾದರೂ ಒಂದು ಮ್ಯೂಆನೂ ದಾಖಲಾಗಲಿಲ್ಲ. ಮೇಲುನೋಟಕ್ಕೆ ಇದು ನಿಷ್ಫಲ ಪ್ರಯೋಗ. ಆದರೆ ಮುಂದಿನ ದಾರಿ ತೆರೆದದ್ದು ಈ ಶೂನ್ಯದಿಂದಲೇ. ಬೇರೆಲ್ಲ ಕಣಗಳನ್ನು ಬಂಡೆಯೇ ತಡೆಯುವ ಸ್ಥಳದಲ್ಲಿ ಬಂಡೆಗೆ ಅಂಜದ ನ್ಯೂಟ್ರಿನೊವನ್ನು ಗುರುತಿಸಬಹುದಾಗಿತ್ತು.

ಎಂ. ಜಿ. ಕೆ. ಮೆನನ್, ಶ್ರೀಕಂಠನ್ ಮೊದಲಾದವರೊಡನೆ ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೈಜೋಡಿಸಿದರು. ಸುಮಾರು 2,300 ಮೀಟರ್ ಆಳದಲ್ಲಿ, ಕಣ ತಾಗಿದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಗೋಡೆಗಳಂತೆ ನಿಲ್ಲಿಸಿ, ನಡುವೆ ಕಣದ ಜಾಡನ್ನು ತೋರುವ ನಿಯಾನ್ ನಳಿಕೆಗಳನ್ನು ಜೋಡಿಸಲಾಯಿತು. ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ್ದಕ್ಕೆ ಕಾರಣವಿತ್ತು. ಮೇಲಿನಿಂದ ಬರುವ ಮ್ಯೂಆನ್ ಹೆಚ್ಚುಕಡಿಮೆ ಲಂಬವಾಗಿಯೇ ಬರಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆಯ ದಪ್ಪ ಮಿತಿಮೀರುತ್ತದೆ. ಆದ್ದರಿಂದ ಅಡ್ಡಲಾಗಿ ಹಾಯ್ದ ಜಾಡು ಕಂಡರೆ, ಅದು ಸಮೀಪದ ಬಂಡೆಯಲ್ಲಿ ನ್ಯೂಟ್ರಿನೊ ಹುಟ್ಟಿಸಿದ ಮ್ಯೂಆನಿನದೇ ಆಗಿರಬೇಕು. 1965ರಲ್ಲಿ ಅಂತಹ ಜಾಡುಗಳು ಕಂಡವು.

ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಶೋಧದಲ್ಲಿ ತೊಡಗಿತ್ತು. ಅವರ ಮೊದಲ ಘಟನೆ ಕೋಲಾರದ್ದಕ್ಕಿಂತ ಮುಂಚೆ, ಫೆಬ್ರವರಿಯಲ್ಲಿಯೇ ದಾಖಲಾಗಿತ್ತು. ಆದರೆ ಆಗಸ್ಟಿನಲ್ಲಿ ಕೋಲಾರದ ವರದಿಯು ಸುಮಾರು ಎರಡು ವಾರ ಮೊದಲು ಪ್ರಕಟವಾಯಿತು. ವಾಯುಮಂಡಲದ ನ್ಯೂಟ್ರಿನೊವನ್ನು ಕಂಡ ಕೀರ್ತಿ ಈ ಎರಡು ಗಣಿಗಳಿಗೂ ಸಲ್ಲುತ್ತದೆ.

1980ರ ದಶಕದಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣದಿಂದ ಪ್ರೋಟಾನು ಕ್ಷಯಿಸುವುದೇ ಎಂಬ ಪರೀಕ್ಷೆ ನಡೆಯಿತು. ಕ್ಷಯದಂತೆ ತೋರಿದ ಕೆಲವು ಘಟನೆಗಳು ವರದಿಯಾದವಾದರೂ ಬೇರೆಡೆಯ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಚಿನ್ನದ ಗಣಿಗಾರಿಕೆ ನಷ್ಟದ ಹಾದಿ ಹಿಡಿದಂತೆ ಪ್ರಯೋಗಶಾಲೆಗೂ ಉಳಿಗಾಲವಿಲ್ಲವಾಯಿತು. 1992ರ ಹೊತ್ತಿಗೆ ಅದು ಮುಚ್ಚಿತು. ಆರು ವರ್ಷಗಳ ಬಳಿಕ ಜಪಾನಿನ ಕಮಿಯೋಕಾ ಗಣಿಯಲ್ಲಿ, ಇದೇ ವಾಯುಮಂಡಲದ ನ್ಯೂಟ್ರಿನೊಗಳು ಸಾಗುವಾಗ ರೂಪಾಂತರ ಹೊಂದುತ್ತವೆಂಬುದು ಸಿದ್ಧವಾಯಿತು. ಆ ಕಾರ್ಯಕ್ಕೆ ತಕಾಕಿ ಕಜಿಟಾ ಅವರು 2015ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಇಂದು ಕೋಲಾರದ ಆಳದ ಸುರಂಗಗಳಲ್ಲಿ ನೀರು ತುಂಬಿದೆ. ಹೊರಗೆ ಸೈನೈಡ್ ಮಣ್ಣಿನ ದಿಬ್ಬಗಳು ಚಿನ್ನ ತೆಗೆದವರ ಶ್ರಮಕ್ಕೆ ಸಾಕ್ಷಿಯಾಗಿ ನಿಂತಿವೆ. ನ್ಯೂಟ್ರಿನೊಗಳಾದರೋ ಆ ನೀರನ್ನೂ ಬಂಡೆಯನ್ನೂ ದಾಟಿ ಈಗಲೂ ಸಾಗುತ್ತಲೇ ಇವೆ. ಎಣಿಸುವವರು ಮಾತ್ರ ಅಲ್ಲಿಲ್ಲ. ಚಿನ್ನದ ಲೆಕ್ಕವನ್ನು ಬರೆಯುವ ಚರಿತ್ರೆಯು ಈ ಎಣಿಕೆಯನ್ನೂ ತನ್ನ ಪುಟಗಳಿಗೆ ಸೇರಿಸಿಕೊಂಡಾಗಲೇ ಪೂರ್ಣವಾದೀತು.