ಸತ್ತ ಕೋವಿಗೂ ಬೇಕು ಸರ್ಟಿಫಿಕೇಟ್

ಖಜಾನೆ ಬಾಗಿಲಲ್ಲೋ ಮತಗಟ್ಟೆ ಮುಂದೆಯೋ ಪೊಲೀಸರ ಹೆಗಲ ಮೇಲೆ ಮರದ ಹಿಡಿಯ ಉದ್ದನೆಯ ಬಂದೂಕು ನೋಡಿದ ನೆನಪು ನಿಮಗಿರಬಹುದು. ಅದೇ ತ್ರೀ ನಾಟ್ ತ್ರೀ. ನಳಿಗೆಯ ಒಳಅಳತೆ 0.303 ಇಂಚು, ಹಾಗಾಗಿ ಆ ಹೆಸರು. ಅಸಲಿ ಹೆಸರು ಲೀ ಎನ್‌ಫೀಲ್ಡ್.

ಇಂಗ್ಲೆಂಡಿನಲ್ಲಿ ಇವತ್ತು ಇದೇ ಬಂದೂಕನ್ನು ಗುಂಡು ಹಾರದಂತೆ ಮಾಡಿ ಮಾರುತ್ತಾರೆ. ಹಳೆಯ ಸಾಮಾನಿನ ಮೇಲೆ ಆಸೆ ಇರುವವರು ಕೊಂಡು ಗೋಡೆಗೆ ತೂಗುಹಾಕುತ್ತಾರೆ. ಯುದ್ಧಕ್ಕೆಂದು ಮಾಡಿದ ಕೋವಿ ಬರೀ ಅಲಂಕಾರದ ಸಾಮಾನು ಆಗುವುದು ಯಾವಾಗ? ಈ ಪ್ರಶ್ನೆಗೆ ಉತ್ತರ ಹುಡುಕಲು ಸರ್ಕಾರಗಳಿಗೆ ಹಲವು ದಶಕ ಹಿಡಿಯಿತು. ಪ್ರತಿ ಪಾಠದ ಹಿಂದೆಯೂ ಸಾವುಗಳಿವೆ.

ಎರಡನೇ ಮಹಾಯುದ್ಧ 1945ರಲ್ಲಿ ಮುಗಿದಾಗ ಸೈನ್ಯಗಳ ಗೋದಾಮಿನಲ್ಲಿ ಲಕ್ಷಗಟ್ಟಲೆ ರೈಫಲ್ ಉಳಿದವು. ಹೊಸ ಬಂದೂಕು ಬಂದಂತೆ ಹಳೆಯವು ವ್ಯಾಪಾರಿಗಳ ಕೈಗೆ ಅಗ್ಗಕ್ಕೆ ಹೋದವು. ಅಮೆರಿಕದಲ್ಲಂತೂ ಅವನ್ನು ಅಂಚೆಯಲ್ಲೇ ತರಿಸಿಕೊಳ್ಳಬಹುದಿತ್ತು. ಅಧ್ಯಕ್ಷ ಕೆನಡಿಯವರನ್ನು 1963ರಲ್ಲಿ ಕೊಂದದ್ದು ಇಟಲಿ ಸೈನ್ಯದ ಅಂಥದೊಂದು ಹಳೆಯ ರೈಫಲ್. ದುರ್ಬೀನು ಸೇರಿ ಅದರ ಬೆಲೆ 19.95 ಡಾಲರ್, ಜೊತೆಗೆ ಅಂಚೆ ಖರ್ಚು. ಅಂಚೆಯಲ್ಲಿ ಬಂದೂಕು ಮಾರುವುದಕ್ಕೆ 1968ರ ಕಾನೂನು ಕಡಿವಾಣ ಹಾಕಿತು.

ಬ್ರಿಟನ್ನಿನಲ್ಲಿ ಕಾನೂನು ಬಿಗಿಯಾದದ್ದು ಹಂಗರ್‌ಫೋರ್ಡ್ ಎಂಬ ಸಣ್ಣ ಪಟ್ಟಣದ ದುರಂತದ ನಂತರ. ಅಲ್ಲಿ 1987ರ ಆಗಸ್ಟ್ 19ರಂದು ಲೈಸೆನ್ಸ್ ಇದ್ದ ಒಬ್ಬ ವ್ಯಕ್ತಿಯೇ 16 ಜನರನ್ನು ಗುಂಡಿಟ್ಟು ಕೊಂದ. ಮರುವರ್ಷ ಬಂದ ಕಾಯ್ದೆ ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿತು. ಜೊತೆಗೆ, ಯಾವ ಬಂದೂಕು ‘ಸತ್ತಿದೆ’ ಎಂದು ಹೇಗೆ ತೀರ್ಮಾನಿಸಬೇಕು ಎಂಬುದನ್ನೂ ಬರೆಯಿತು.

ಕೊಲ್ಲುವ ಕೆಲಸ ವರ್ಕ್‌ಶಾಪಿನಲ್ಲಿ ನಡೆಯುತ್ತದೆ. ನಳಿಗೆಯನ್ನು ಉದ್ದಕ್ಕೆ ಸೀಳಿ, ಒಳಗೆ ಗಟ್ಟಿ ಉಕ್ಕಿನ ಸರಳು ತೂರಿಸಿ ವೆಲ್ಡಿಂಗ್ ಮಾಡುತ್ತಾರೆ. ತೋಟಾದ ಹಿಂಭಾಗವನ್ನು ಒತ್ತಿ ಹಿಡಿಯುವ ಬೋಲ್ಟಿನ ಮುಖವನ್ನು ಓರೆಯಾಗಿ ಉಜ್ಜಿ ತೆಗೆಯುತ್ತಾರೆ. ಆಮೇಲೆ ಬಂದೂಕು ಪ್ರೂಫ್ ಹೌಸ್‌ಗೆ ಹೋಗುತ್ತದೆ. ಲಂಡನ್ನಿನಲ್ಲಿ ಒಂದು, ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಇದೆ. ಬರ್ಮಿಂಗ್‌ಹ್ಯಾಮಿನದು ಶುರುವಾದದ್ದು 1813ರಲ್ಲಿ. ಗುಂಡು ಹೊಡೆದಾಗ ನಳಿಗೆ ಸಿಡಿಯುವುದಿಲ್ಲ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಅವುಗಳ ಮೂಲ ಕೆಲಸ. ಈಗ ಅದೇ ಮನೆಗಳು, ಈ ಬಂದೂಕಿನಿಂದ ಗುಂಡು ಹಾರುವುದಿಲ್ಲ ಎಂದೂ ಮುದ್ರೆ ಒತ್ತಿ ಸರ್ಟಿಫಿಕೇಟ್ ಕೊಡುತ್ತವೆ.

ಅಷ್ಟೂ ಸಾಲದೆ 1995ರಲ್ಲಿ ನಿಯಮ ಇನ್ನೂ ಬಿಗಿಯಾಯಿತು. ಪ್ಯಾರಿಸ್ಸಿನಲ್ಲಿ 2015ರ ಜನವರಿಯಲ್ಲಿ ನಡೆದ ಉಗ್ರರ ದಾಳಿ ಮತ್ತೊಂದು ಪಾಠ ಕಲಿಸಿತು. ಸ್ಲೊವಾಕಿಯಾದಲ್ಲಿ ಬರೀ ಸದ್ದು ಮಾಡುವ ಬಂದೂಕುಗಳೆಂದು ಮಾರಾಟವಾಗಿದ್ದವನ್ನು ಯಾರೋ ರಿಪೇರಿ ಮಾಡಿ ಮತ್ತೆ ಗುಂಡು ಹಾರುವಂತೆ ಮಾಡಿದ್ದರು. ಐರೋಪ್ಯ ಒಕ್ಕೂಟ 2016ರ ಏಪ್ರಿಲ್‌ನಿಂದ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಬಿಗಿ ನಿಯಮ ತಂದಿತು.

ಈಗ ನಮ್ಮ ದೇಶಕ್ಕೆ ಬರೋಣ. ಬಂಗಾಳದ ಇಛಾಪುರದ ಕಾರ್ಖಾನೆಯಲ್ಲೂ ಲೀ ಎನ್‌ಫೀಲ್ಡ್ ತಯಾರಾಗುತ್ತಿತ್ತು. ಚೀನಾ ವಿರುದ್ಧ 1962ರಲ್ಲಿ ನಮ್ಮ ಸೈನಿಕರು ಹಿಡಿದು ಹೋರಾಡಿದ್ದು ಇದನ್ನೇ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದಂದು ಇದಕ್ಕೆ ವಿದಾಯ ಹೇಳಿದರು. ಆದರೆ ಹಳೆಯದಾಯಿತೆಂದು ಸಾರ್ವಜನಿಕರು ಕೊಳ್ಳುವಂತಿಲ್ಲ. ಈ ಅಳತೆಯ ರೈಫಲ್ ನಮ್ಮಲ್ಲಿ ನಿಷೇಧಿತ ಬೋರ್. ಶಿಕಾರಿಯವರ ಕೈಯಲ್ಲಿ 315 ರೈಫಲ್ ಕಾಣುತ್ತಿದ್ದುದು ಇದೇ ಕಾರಣಕ್ಕೆ.

ಹಾಗಾದರೆ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿರುವ ಅಜ್ಜನ ಕೋವಿಯ ಕತೆ ಏನು? 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಕಾಲದ, ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ. ಅದಕ್ಕೊಂದು ಷರತ್ತಿದೆ: ರಿಪೇರಿ ಮಾಡಿದರೂ ಅದರಿಂದ ಗುಂಡು ಹಾರಬಾರದು. ‘ರಿಪೇರಿ ಮಾಡಿದರೂ’ ಎಂಬ ಮಾತಿನಲ್ಲೇ ಎಲ್ಲ ಇದೆ. ತುಕ್ಕು ಹಿಡಿದ ಮಾತ್ರಕ್ಕೆ ಕೋವಿ ಸತ್ತಿತು ಅನ್ನುವಂತಿಲ್ಲ. ಎಣ್ಣೆ, ಅರ, ಒಬ್ಬ ಕೈಚಳಕದ ಕಮ್ಮಾರ ಸಿಕ್ಕರೆ ಅದು ಎದ್ದು ಕೂರಬಹುದು.

ಅಜ್ಜನ ಲೈಸೆನ್ಸ್ ಅಜ್ಜನ ಹೆಸರಿಗೆ ಮಾತ್ರ. ಅವರು ಹೋದ ಮೇಲೆ ಕೋವಿ ಮನೆಯ ಆಸ್ತಿ ಇರಬಹುದು, ಆದರೆ ಇಟ್ಟುಕೊಳ್ಳುವ ಹಕ್ಕು ತಾನಾಗಿ ಮೊಮ್ಮಕ್ಕಳಿಗೆ ಬರುವುದಿಲ್ಲ. ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಅದನ್ನು ಒಪ್ಪಿಸಿ, ಹಳೆಯ ಲೈಸೆನ್ಸ್ ಪುಸ್ತಕ ಹಿಡಿದು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನೆನಪಿಗೆಂದು ಗೋಡೆಗೆ ಹಾಕುವ ಆಸೆ ತಪ್ಪಲ್ಲ. ಆದರೆ ಕೋವಿ ಸತ್ತಿದೆಯೋ ಇಲ್ಲವೋ ಎಂದು ಹೇಳಬೇಕಾದವರು ನಾವಲ್ಲ.