ಕ್ಷಾಮದ ಅನಾಥಾಲಯದಿಂದ ಆಸ್ಪತ್ರೆಯ ವಾರ್ಡಿನವರೆಗೆ: ಕಾಮಸಮುದ್ರ ಸೀಮೆಯ ಕ್ರೈಸ್ತ ಸೇವೆ

ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಾಮಸಮುದ್ರವು ಕನ್ನಡ, ತೆಲುಗು, ತಮಿಳು ಮೂರೂ ಬೆರೆಯುವ ಗಡಿನೆಲದಲ್ಲಿ, ಬೆಂಗಳೂರು–ಜೋಲಾರ್‌ಪೇಟೆ ರೈಲುಮಾರ್ಗದ ಮೇಲಿದೆ. 1864ರಲ್ಲಿ ಪೂರ್ಣಗೊಂಡ ಈ ಮಾರ್ಗದಲ್ಲಿಯೇ 1876–78ರ ಮಹಾಕ್ಷಾಮದಲ್ಲಿ ಮದ್ರಾಸಿನ ಧಾನ್ಯ ಮೈಸೂರು ಸಂಸ್ಥಾನಕ್ಕೆ ಬರುತ್ತಿತ್ತಾದರೂ, ಕೈಯಲ್ಲಿ ಕಾಸಿಲ್ಲದ ಕೂಲಿಕಾರರಿಗೆ ಅದು ಎಟುಕಲಿಲ್ಲ. 1871ರಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಸೀಮೆಯ ಕ್ರೈಸ್ತ ಸೇವೆಯ ಚರಿತ್ರೆಯಲ್ಲಿ ಈ ಕ್ಷಾಮಕ್ಕೆ ದೊಡ್ಡ ಸ್ಥಾನವಿದೆ.

ಆ ವರ್ಷಗಳಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ಕೋಲಾರದಲ್ಲಿ ಅನಾಥಾಲಯ ನಡೆಸಿದರು. ಗಂಜಿ ಕೇಂದ್ರವು ಮಳೆ ಬಂದೊಡನೆ ಮುಚ್ಚಬಹುದಾದದ್ದು. ಅನಾಥಾಲಯ ಹಾಗಲ್ಲ, ಮಗುವಿಗೆ ಊಟ, ಬಟ್ಟೆ, ಓದು, ಕಸುಬು ಎಲ್ಲವನ್ನೂ ವರ್ಷಗಟ್ಟಲೆ ಒದಗಿಸಬೇಕಾಗುತ್ತದೆ. ಅಸಹಾಯ ಮಗುವಿಗೆ ಅನ್ನದ ಜೊತೆಗೆ ಮತವನ್ನೂ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ಇದು ಸ್ಮರಣ ಸಂಚಿಕೆಯೆಂಬ ಕಾರಣಕ್ಕೆ ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕ್ಷಾಮ ಮುಗಿದ ಮೇಲೂ ಆ ಮಕ್ಕಳ ಹೊಣೆಯನ್ನು ಕೈಬಿಡದೆ ಹೊತ್ತದ್ದೂ ಅಷ್ಟೇ ನಿಜ. 1890ರಲ್ಲಿ ಆನ್‌ಸ್ಟಿಯವರ ಈ ಮಿಷನ್ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಸೇರಿತು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯವರಿಂದ ಆರಂಭವಾದ ಮೆಥಡಿಸ್ಟ್ ಪಂಥದಲ್ಲಿ ಪ್ರಾರ್ಥನೆಯಂತೆಯೇ ರೋಗಿಗಳ ಮತ್ತು ಸೆರೆಯಾಳುಗಳ ಭೇಟಿಯೂ ಭಕ್ತರ ನಿಯತ ಕರ್ತವ್ಯವಾಗಿತ್ತು.

ಈ ಸಭೆಯ ಮಹಿಳಾ ಸಂಘವು 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿತು. ಗಂಡು ವೈದ್ಯರ ಮುಂದೆ ಹೆಂಗಸರು ಮೈ ತೋರಿಸಲು ಒಪ್ಪದಿದ್ದ ಕಾಲದಲ್ಲಿ, ಹೆರಿಗೆಯಲ್ಲಿ ಕಷ್ಟಪಡುತ್ತಿದ್ದ ತಾಯಂದಿರಿಗೆ ಮಹಿಳೆಯರೇ ನಡೆಸಿದ ಇಂಥ ಆಸ್ಪತ್ರೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ‘ಇಟಿಸಿಎಂ’ ಎಂದೇ ಜನ ಕರೆಯುವ ಆ ಸಂಸ್ಥೆ ಮುಂದೆ ಶುಶ್ರೂಷಕಿಯರಿಗೆ ಶಿಕ್ಷಣವನ್ನೂ ನೀಡಿತು. ವೈದ್ಯರ ಹೆಸರು ವರದಿಗಳಲ್ಲಿ ಉಳಿಯುತ್ತದೆ. ರಾತ್ರಿಪಾಳಿಯ ನರ್ಸು, ವಾರ್ಡು ತೊಳೆದ ಆಯಾ, ಮನೆಮನೆಗೆ ಹೋಗಿ ಹೆಂಗಸರಿಗೆ ಓದು ಕಲಿಸುತ್ತ ವೇದಪಾಠ ಹೇಳುತ್ತಿದ್ದ ‘ಬೈಬಲ್ ಸ್ತ್ರೀ’, ಇವರ ಹೆಸರು ಉಳಿದದ್ದು ಅಪರೂಪ. ಒಳ್ಳೆಯ ಸಮಾರ್ಯದವನ ಸಾಮತಿಯಲ್ಲಿಯೂ ಗಾಯಾಳುವನ್ನು ಛತ್ರಕ್ಕೆ ಸೇರಿಸಿದ ಬಳಿಕ, ಅವನ ಆರೈಕೆ ಛತ್ರದವನ ಪಾಲಿಗೆ ಬಂದಿತೆಂಬುದನ್ನು ಉಪದೇಶಕರು ನೆನೆಯುವುದು ಕಡಿಮೆ.

2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ಸಂಕಟ ಬೇರೆ ರೂಪ ತಾಳಿದೆ: ಕಲ್ಲಿನ ದೂಳು ಶ್ವಾಸಕೋಶ ಸೇರಿ ಬರುವ ಸಿಲಿಕೋಸಿಸ್ ರೋಗದಿಂದ ನರಳಿದ ಹಳೆಯ ಗಣಿ ಕಾರ್ಮಿಕರು, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ಅವರ ಮಕ್ಕಳು, ಮನೆಯಲ್ಲಿ ಒಂಟಿಯಾಗಿ ಉಳಿಯುವ ಮುದುಕರು. ಸಭೆಗಳ ದೈನಂದಿನ ಸೇವೆಗೆ ಇಂದು ಇದಕ್ಕಿಂತ ಹತ್ತಿರದ ಕ್ಷೇತ್ರವಿಲ್ಲ.

ಕಾಮಸಮುದ್ರ ಮತ್ತು ಸುತ್ತಲಿನ ಹಳ್ಳಿಗಳ ಹಿರಿಯರು ತಮ್ಮ ಮನೆಗಳಲ್ಲಿರುವ ಹಳೆಯ ದೀಕ್ಷಾಸ್ನಾನದ ಪತ್ರ, ಫೋಟೋ, ಆಸ್ಪತ್ರೆಯ ಚೀಟಿಗಳನ್ನು ಸಭೆಯ ದಫ್ತರಕ್ಕೆ ಒಪ್ಪಿಸಿದರೆ, ಹೆಸರಿಲ್ಲದೆ ದುಡಿದವರಲ್ಲಿ ಕೆಲವರ ಹೆಸರನ್ನಾದರೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಬಹುದು.