ಎರಡು ಕಂಪ್ಯೂಟರ್, ಒಂದು ವೈರ್: ನಡುವೆ ಯಾರೂ ಬೇಡ ಅಂದವರ ಕಥೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಪಕ್ಕದಲ್ಲೇ ಕೂತಿರೋ ಫ್ರೆಂಡ್‌ಗೆ ಒಂದು ವಿಡಿಯೊ ಕೊಡಬೇಕು. ಏನು ಮಾಡ್ತೀರಿ? ವಾಟ್ಸ್‌ಆ್ಯಪ್‌ನಲ್ಲಿ ಕಳಿಸ್ತೀರಿ. ಆ ವಿಡಿಯೊ ನಿಮ್ಮ ಫೋನಿಂದ ಟವರ್‌ಗೆ, ಅಲ್ಲಿಂದ ಎಲ್ಲೋ ಇರೋ ಸರ್ವರ್‌ಗೆ ಹೋಗಿ, ಮತ್ತೆ ಇಳಿದು ಬಂದು, ಎರಡಡಿ ಆಚೆಗಿರೋ ಫೋನ್ ಸೇರುತ್ತೆ. ಇಬ್ಬರ ಡೇಟಾನೂ ಖರ್ಚು, ವಿಡಿಯೊನೂ ಮಸುಕು.

ನಡುವೆ ಯಾರೂ ಇಲ್ಲದೆ ಈ ಮಷೀನಿಂದ ಆ ಮಷೀನಿಗೆ ನೇರವಾಗಿ ಕೊಡೋಕೆ ಆಗಲ್ವಾ? ಜನ ಇದನ್ನು ಕೇಳೋಕೆ ಶುರು ಮಾಡಿ 40 ವರ್ಷ ದಾಟಿದೆ.

1980ರ ದಶಕಕ್ಕೆ ಹೋಗೋಣ. ಆಗ ಫೈಲ್ ಹಂಚಿಕೊಳ್ಳೋದು ಅಂದ್ರೆ ಫ್ಲಾಪಿ. ಆದರೆ ಮೇಜಿನ ಮೇಲಿನ ಪಿಸಿಗಳಲ್ಲಿ ಇದ್ದದ್ದು ಐದೂಕಾಲು ಇಂಚಿನ ಫ್ಲಾಪಿ. 1986ರಲ್ಲಿ ಐಬಿಎಂ ತಂದ ಪಿಸಿ ಕನ್ವರ್ಟಿಬಲ್ ಅನ್ನೋ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಮೂರೂವರೆ ಇಂಚಿನದು. ಒಂದೇ ಕಂಪನಿಯ ಎರಡು ಮಷೀನು, ಒಂದರ ಫ್ಲಾಪಿ ಇನ್ನೊಂದಕ್ಕೆ ಹೋಗಲ್ಲ! ಉಳಿದ ದಾರಿ ಒಂದೇ, ವೈರ್.

ಕಂಪ್ಯೂಟರ್ ಹಿಂದೆ ಸೀರಿಯಲ್ ಪೋರ್ಟ್ ಅಂತ ಒಂದಿರ್ತಿತ್ತು. ಅದರ ಮೂಲ ಆರ್‌ಎಸ್-232 ಅನ್ನೋ 1960ರ ನಿಯಮ. ಕಂಪ್ಯೂಟರನ್ನು ಮೋಡೆಮ್‌ಗೆ ಜೋಡಿಸೋಕೆ ಅಂತ ಮಾಡಿದ್ದು, ಇನ್ನೊಂದು ಕಂಪ್ಯೂಟರ್‌ಗೆ ಅಲ್ಲ. ಹಾಗಾಗಿ ಎರಡು ಕಂಪ್ಯೂಟರನ್ನು ಸಾದಾ ಕೇಬಲ್‌ನಲ್ಲಿ ಸೇರಿಸಿದರೆ ಎರಡೂ ಒಂದೇ ತಂತಿಯಲ್ಲಿ ಮಾತಾಡ್ತಿದ್ದವು, ಎರಡೂ ಇನ್ನೊಂದು ತಂತಿಯಲ್ಲಿ ಕಿವಿಗೊಟ್ಟು ಕಾಯ್ತಿದ್ದವು. ಬಾಯಿಗೆ ಬಾಯಿ, ಕಿವಿಗೆ ಕಿವಿ. ಕೆಲಸ ಹೇಗಾಗುತ್ತೆ?

ಪರಿಹಾರ ತುಂಬಾ ಸರಳ. ಕೇಬಲ್ ಒಳಗೆ ತಂತಿಗಳನ್ನ ಅಡ್ಡ ಹಾಕೋದು. ಇವನ ಬಾಯಿ ಅವನ ಕಿವಿಗೆ, ಅವನ ಬಾಯಿ ಇವನ ಕಿವಿಗೆ. ಇದಕ್ಕೆ ನಲ್ ಮೋಡೆಮ್ ಕೇಬಲ್ ಅಂತ ಹೆಸರು. ಅಂದ್ರೆ ಇಲ್ಲಿ ಮೋಡೆಮ್ಮೇ ಇಲ್ಲ ಅಂತ ಅರ್ಥ.

ಇದನ್ನೇ ವ್ಯಾಪಾರ ಮಾಡಿದ್ದು ಅಮೆರಿಕದ ಟ್ರಾವೆಲಿಂಗ್ ಸಾಫ್ಟ್‌ವೇರ್. ಅವರ ಲ್ಯಾಪ್‌ಲಿಂಕ್ ಬಂತು. ಸೀರಿಯಲ್ ಪೋರ್ಟ್‌ನ ಗರಿಷ್ಠ ವೇಗ ಸೆಕೆಂಡಿಗೆ 1,15,200 ಬಿಟ್. ನಮ್ಮ ಲೆಕ್ಕದಲ್ಲಿ 5 ಎಂಬಿಯ ಒಂದು ಹಾಡಿಗೆ ಏಳೂವರೆ ನಿಮಿಷ. ಹೀಗಾಗಿ ಪ್ರಿಂಟರ್‌ಗೆ ಅಂತ ಇದ್ದ ಪ್ಯಾರಲಲ್ ಪೋರ್ಟನ್ನೂ ಬಳಸಿದರು. ಅದರಲ್ಲಿ ಹೊರಗೆ ಹೋಗೋಕೆ 8 ತಂತಿ. ಆದರೆ ಪ್ರಿಂಟರ್ ಹೆಚ್ಚು ಮಾತಾಡಲ್ಲ ನೋಡಿ, ‘ಪೇಪರ್ ಮುಗೀತು’ ಅನ್ನೋಂಥ ಸುದ್ದಿ ಒಳಗೆ ತರೋಕೆ 5 ತಂತಿ ಮಾತ್ರ. ಆ ಐದರಲ್ಲೇ ನಾಲ್ಕು ಡೇಟಾಕ್ಕೆ, ಒಂದು ‘ತಗೊಂಡೆ, ಮುಂದಿಂದು ಕೊಡು’ ಅನ್ನೋ ಸನ್ನೆಗೆ!

1993ರಲ್ಲಿ ಎಂಎಸ್-ಡಾಸ್ 6 ಜೊತೆ ಇಂಟರ್‌ಲಿಂಕ್ ಅನ್ನೋ ಸೌಲಭ್ಯ ಬಂತು. ಆ ಕಡೆಯ ಕಂಪ್ಯೂಟರ್‌ನಲ್ಲಿ ಆ ಸಾಫ್ಟ್‌ವೇರ್ ಇಲ್ಲವಾ? ಪರವಾಗಿಲ್ಲ, ಸೀರಿಯಲ್ ವೈರ್‌ನಲ್ಲೇ ಅದನ್ನೂ ಕಳಿಸಬಹುದಿತ್ತು.

ಮುಂದೆ 1995ರ ಆಗಸ್ಟ್. 15ನೇ ತಾರೀಕು ಭಾರತದಲ್ಲಿ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಡೋಕೆ ಶುರು ಮಾಡಿತು. 24ಕ್ಕೆ ವಿಂಡೋಸ್ 95 ಬಿಡುಗಡೆ. ಅದರಲ್ಲಿ ಡೈರೆಕ್ಟ್ ಕೇಬಲ್ ಕನೆಕ್ಷನ್ ಅಂತ ಇತ್ತು. ತೆರೆದ ತಕ್ಷಣ ಕೇಳ್ತಿತ್ತು: ನೀವು ಹೋಸ್ಟಾ, ಗೆಸ್ಟಾ? ಕೊಡೋರಾ, ತಗೊಳ್ಳೋರಾ?

ಈ ಪ್ರಶ್ನೆ ನೆನಪಿಟ್ಕೊಳ್ಳಿ. ಯಾಕಂದ್ರೆ ಇಡೀ ಕಥೆ ನಿಂತಿರೋದೇ ಇದರ ಮೇಲೆ. ವೈರ್ ಸಿಗೋದು ಸುಲಭ. ಯಾರು ಮಾತಾಡಬೇಕು, ಯಾರು ಕೇಳಬೇಕು ಅಂತ ಎರಡು ಮಷೀನು ಒಪ್ಪಿಕೊಳ್ಳೋದೇ ಕಷ್ಟ.

ನೆಟ್‌ವರ್ಕ್ ಕಾರ್ಡ್ ಬಂದಾಗಲೂ ಅದೇ ಆಯ್ತು. ಎರಡು ಪಿಸಿಗೆ ಸಾದಾ ಲ್ಯಾನ್ ಕೇಬಲ್ ಹಾಕಿದರೆ ಆಗ್ತಿರಲಿಲ್ಲ, ಅಡ್ಡ ಹಾಕಿದ ಕ್ರಾಸ್‌ಓವರ್ ಕೇಬಲ್ಲೇ ಬೇಕಿತ್ತು. ಆಮೇಲೆ ಎಚ್‌ಪಿ ಎಂಜಿನಿಯರುಗಳು ಒಂದು ಉಪಾಯ ಕಂಡುಹಿಡಿದರು. ಯಾವ ತಂತಿ ಬಾಯಿ, ಯಾವುದು ಕಿವಿ ಅಂತ ಪೋರ್ಟೇ ನೋಡಿ ಬದಲಾಯಿಸಿಕೊಳ್ಳುತ್ತೆ. ಹಾಗಾಗಿ ಇವತ್ತಿನ ಗಿಗಾಬಿಟ್ ಪೋರ್ಟುಗಳಿಗೆ ಯಾವ ಲ್ಯಾನ್ ಕೇಬಲ್ ಹಾಕಿದ್ರೂ ನಡೆಯುತ್ತೆ. ಯುಎಸ್‌ಬಿ ಮಾತ್ರ ಹಟಮಾರಿಯಾಗಿತ್ತು. ಅಲ್ಲಿ ಪಿಸಿನೇ ಯಜಮಾನ ಆಗಿರ್ತಿತ್ತು. ಇಬ್ಬರು ಯಜಮಾನರ ನಡುವೆ ಮಾತುಕತೆ ಆಗಬೇಕಂದ್ರೆ ಕೇಬಲ್ ಮಧ್ಯೆ ಒಂದು ಚಿಪ್ ಇರಬೇಕಿತ್ತು.

ಈಗ ನಿಮ್ಮ ಕಾಲಕ್ಕೆ ಬರೋಣ. ಶೇರ್‌ಇಟ್ ನೆನಪಿದೆಯಾ? ಒಂದು ಫೋನ್ ಹಾಟ್‌ಸ್ಪಾಟ್ ಆಗ್ತಿತ್ತು, ಇನ್ನೊಂದು ಅದಕ್ಕೆ ಸೇರಿಕೊಳ್ತಿತ್ತು. ಅದೇ ಹೋಸ್ಟು, ಅದೇ ಗೆಸ್ಟು! ವೈರ್ ಮಾಯವಾಗಿತ್ತು ಅಷ್ಟೇ. ನೆಟ್ ಪ್ಯಾಕ್ ಬೇಕಿರಲಿಲ್ಲ. ಆದರೆ 2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಟಿಕ್‌ಟಾಕ್ ಜೊತೆ ಶೇರ್‌ಇಟ್, ಕ್ಸೆಂಡರ್ ಎರಡೂ ಇದ್ದವು. ಆಗಸ್ಟ್‌ನಲ್ಲಿ ಗೂಗಲ್‌ನ ನಿಯರ್‌ಬೈ ಶೇರ್ ಬಂತು. 2024ರಲ್ಲಿ ಅದು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಒಂದಾಯ್ತು.

ಅಂದ್ರೆ ನಡುವೆ ಯಾರೂ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ಫೈಲ್ ಹಾದು ಹೋಗೋ ದಾರಿಯಲ್ಲಿ ಯಾರೂ ಇಲ್ಲದಿರಬಹುದು. ಆದರೆ ಎರಡು ಮಷೀನುಗಳ ಒಪ್ಪಂದ ಬರೆದೋರು ಒಬ್ಬರು ಇದ್ದೇ ಇರ್ತಾರೆ. ಅವರು ಕೈಬಿಟ್ಟರೆ ವೈರ್ ಇದ್ದೂ ಮಾತು ನಿಲ್ಲುತ್ತೆ. ಕೆಲವೊಮ್ಮೆ ಅದಕ್ಕೆ ಒಳ್ಳೆ ಕಾರಣವೂ ಇರುತ್ತೆ. 2017ರ ಮೇನಲ್ಲಿ ವಾನಾಕ್ರೈ ವೈರಸ್ ಮಷೀನಿಂದ ಮಷೀನಿಗೆ ಹರಡಿದ್ದು ವಿಂಡೋಸ್‌ನ ಹಳೇ ಫೈಲ್ ಹಂಚಿಕೆ ವ್ಯವಸ್ಥೆಯ ಒಂದು ದೋಷದಿಂದ. ಕಾವಲುಗಾರ ಇಲ್ಲದ ಬಾಗಿಲಲ್ಲಿ ಕಳ್ಳನೂ ಬರ್ತಾನೆ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಆ ಹಳೇ ವ್ಯವಸ್ಥೆ ತಾನಾಗಿ ಇನ್‌ಸ್ಟಾಲ್ ಆಗೋದು ನಿಂತಿತು.

ಹಾಗಾಗಿ ಒಂದು ಮಾತು. ಮನೆಯ ಅಟ್ಟದ ಮೇಲೆ ಹಳೇ ಪಿಸಿ ಇದ್ದರೆ, ಅದರಲ್ಲಿ ಅಪ್ಪ-ಅಮ್ಮನ ಫೋಟೊ ಇದ್ದರೆ, ‘ಮುಂದೊಂದು ದಿನ ನೋಡೋಣ’ ಅನ್ನಬೇಡಿ. ಅದು ಇನ್ನೂ ಆನ್ ಆಗ್ತಿರೋವಾಗಲೇ, ಅದಕ್ಕೆ ಮಾತಾಡೋಕೆ ಬರೋ ಇನ್ನೊಂದು ಮಷೀನು ಕೈಗೆ ಸಿಗೋವಾಗಲೇ ಕಾಪಿ ಮಾಡ್ಕೊಳ್ಳಿ. ಗುಜರಿಗೆ ಹಾಕೋದು ಆಮೇಲೆ.